ತೆರೆದ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಕಡಿಮೆ

ಪ್ರಶ್ನೆ: ನನಗೆ 61 ವರ್ಷ. ಉಡುಪಿ ಕಡಿಯಾಳಿಯ ಹಳೆ ಮನೆ ಬಿಟ್ಟು ಏಪ್ರಿಲ್‌ನಲ್ಲಿ ಮಂಗಳೂರಿನ ಬಿಜೈಯಲ್ಲಿರುವ ಮಗಳ ಫ್ಲ್ಯಾಟಿಗೆ ಬಂದಿದ್ದೇನೆ. ಜತೆಗೆ ಸುಮಾರು 1,400 ಪುಸ್ತಕ ಬಂದಿವೆ. ಹೆಚ್ಚಿನವು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇವೆ. ಮಳೆ ಶುರುವಾದ ಮೇಲೆ ಒಂದು ಪೆಟ್ಟಿಗೆ ಬಿಚ್ಚಿದೆ, ಒಳಗೆಲ್ಲ ಬೂಷ್ಟು ವಾಸನೆ. "ಮಾರಿಬಿಡಿ, ಮೊಬೈಲಲ್ಲೇ ಓದಬಹುದಲ್ಲ" ಅನ್ನುತ್ತಾರೆ ಮನೆಯವರು. ಇವುಗಳಲ್ಲಿ ಮೂರನೇ ಒಂದು ಪಾಲು ನಾನು ಓದೇ ಇಲ್ಲ. ಆದರೂ ಕೊಳ್ಳುವುದು ನಿಲ್ಲಿಸಿಲ್ಲ. ಪುಸ್ತಕ ಕೈಗೆ ಬಂದರೆ ಮೊದಲು ಮೂಸುತ್ತೇನೆ. ಕೆಲವದರ ಎರಡೆರಡು ಪ್ರತಿ ಇವೆ. ಯಾರಾದರೂ ಎರವಲು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಇದು ಪ್ರೀತಿಯೋ, ಬರೀ ಚಟವೋ? ಇವನ್ನು ಉಳಿಸಿಕೊಳ್ಳುವುದು ಹೇಗೆ? ಇನ್ನೊಂದು ವಿಷಯ. ಅಪ್ಪ ತೀರಿಕೊಂಡಾಗ ಓದುತ್ತಿದ್ದ ಕಾದಂಬರಿಯಲ್ಲಿ ಗುರುತಿಗೆ ಇಟ್ಟ ಬಸ್ ಟಿಕೆಟ್ ಹಾಗೇ ಇದೆ. 22 ವರ್ಷದಿಂದ ಆ ಪುಸ್ತಕ ತೆರೆದಿಲ್ಲ. ಅದನ್ನು ಹೇಗೆ ಇಡಲಿ?
– ಓದುಗರೊಬ್ಬರು, ಬಿಜೈ

ಉತ್ತರ: ಇದನ್ನು ಪೂರ್ತಿ ಓದುವ ಮೊದಲು ಎದ್ದು ಹೋಗಿ ಆ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಬನ್ನಿ. ಜೋಡಿಸುವುದು ಆಮೇಲೆ. ಮೊದಲು ಬಾಯಿ ತೆರೆಯಲಿ. ನಮ್ಮ ಮಳೆಗಾಲದಲ್ಲಿ ರಟ್ಟು ತೇವವನ್ನು ಹೀರುತ್ತದೆ, ಹೀರಿದ್ದನ್ನು ಒಳಗಿನ ಪುಸ್ತಕಕ್ಕೆ ದಾಟಿಸುತ್ತದೆ. ನೆಲದ ಮೇಲೆ ಇಟ್ಟಿದ್ದರೆ ಇನ್ನೂ ಬೇಗ. ಗಾಳಿ ಇಲ್ಲ, ಬೆಳಕಿಲ್ಲ, ತೇವ ಇದೆ, ತಿನ್ನಲು ಬೈಂಡಿಂಗಿನ ಅಂಟು ಇದೆ. ಬೂಷ್ಟಿಗೆ ಇನ್ನೇನು ಬೇಕು?

ಬಿಚ್ಚಿ ಬಂದಿರಾ? ಈಗ ಮಾತಾಡೋಣ.

ನಾನು 33 ವರ್ಷ ಉಡುಪಿ, ಮಂಗಳೂರಿನ ಕಾಲೇಜುಗಳಲ್ಲಿ ಗ್ರಂಥಪಾಲಕಿಯಾಗಿದ್ದೆ. ಅದರಲ್ಲಿ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಎರಡು ಥರದ ಕಪಾಟು ಇದ್ದವು. ಒಂದು ತೆರೆದದ್ದು, ಮಕ್ಕಳು ದಿನಾ ಕೈ ಹಾಕುವಂಥದು. ಇನ್ನೊಂದು ಗಾಜಿನ ಬಾಗಿಲಿನ ಬೀರು. ಬೆಲೆ ಜಾಸ್ತಿ ಇರುವ ಪುಸ್ತಕಗಳಿಗೆ ಅಂತ ಮಾಡಿದ್ದು. ಅದಕ್ಕೆ ಬೀಗ, ಕೀಲಿ ಆಫೀಸಿನಲ್ಲಿ. ಒಂದು ವರ್ಷ ಮಳೆ ಜೋರಿರುವ ಆಟಿ ತಿಂಗಳು ಕಳೆದು ಸೋಣ ಬಂದಾಗ ಆ ಬೀಗ ತೆಗೆಸಿದೆ. ರಟ್ಟುಗಳ ಮೇಲೆಲ್ಲ ಬೂದಿ ಜರಡಿ ಹಿಡಿದ ಹಾಗೆ ಬೂಷ್ಟು. ಒಂದು ನಿಘಂಟನ್ನು ಎಳೆದೆ, ಪಕ್ಕದ ಪುಸ್ತಕವೂ ಅಂಟಿಕೊಂಡು ಬಂತು. ಅದೇ ನಿಘಂಟಿನ ಇನ್ನೊಂದು ಪ್ರತಿ ತೆರೆದ ಕಪಾಟಿನಲ್ಲಿತ್ತು. ಮೂಲೆ ಸವೆದಿತ್ತು. ಬೆನ್ನು ಸಡಿಲವಾಗಿತ್ತು. ಹಾಳೆಯ ಅಂಚಿನಲ್ಲಿ ಬೆರಳುಗಳ ಕಪ್ಪು ಕೂತಿತ್ತು. ಬೂಷ್ಟು ಮಾತ್ರ ಒಂದು ಚುಕ್ಕಿಯೂ ಇರಲಿಲ್ಲ. ಒಂದೇ ಕೋಣೆ, ಒಂದೇ ಮಳೆ, ಒಂದೇ ಪುಸ್ತಕ. ಒಂದನ್ನು ದಿನಾ ಯಾರೋ ಬಿಡಿಸುತ್ತಿದ್ದರು, ಹಾಳೆ ಮಗುಚುತ್ತಿದ್ದರು, ಗಾಳಿ ಆಡುತ್ತಿತ್ತು. ಇನ್ನೊಂದನ್ನು ನಾವು ಜೋಪಾನ ಮಾಡಿದ್ದೆವು.

ನಿಮ್ಮ ಪತ್ರ ಓದುವಾಗ ನನಗೆ ಆ ಎರಡು ನಿಘಂಟು ನೆನಪಾದವು. ನೀವು ಕೇಳಿದ ಎಲ್ಲದಕ್ಕೂ ಉತ್ತರ ಅಲ್ಲೇ ಇದೆ ಅನ್ನಿಸುತ್ತದೆ. ಪ್ರೀತಿಯೋ ಚಟವೋ ಎಂದು ಕೇಳಿದ್ದೀರಿ. ಕೊಂಡ ಮೇಲೆ ಪುಸ್ತಕವನ್ನು ತೆರೆಯುತ್ತೀರಾ? ಓದಿ ಮುಗಿಸಬೇಕು ಅಂತಲ್ಲ. ತೆರೆಯುತ್ತೀರಾ, ನಡುವಿನಿಂದ ಒಂದು ಪುಟ ಓದುತ್ತೀರಾ, ಎಲ್ಲಿದೆ ಎಂದು ನೆನಪಿದೆಯಾ? ಮೂಸುತ್ತೇನೆ ಅಂದಿರಲ್ಲ, ತೆರೆಯದೆ ಮೂಸುವುದು ಹೇಗೆ? ನನ್ನ ಮಟ್ಟಿಗೆ ಇದು ಪ್ರೀತಿಯೇ.

ಆ ವಾಸನೆಯ ಬಗ್ಗೆ ಹೇಳಲೇಬೇಕು. ಸಂಕೋಚ ಪಡುವ ವಿಷಯವೇ ಅಲ್ಲ ಅದು. ಹೊಸ ಪುಸ್ತಕದ ವಾಸನೆ ಶಾಯಿ, ಅಂಟು ಮತ್ತು ಕಾಗದ ತಯಾರಿಸುವಾಗ ಹಾಕಿದ ರಾಸಾಯನಿಕಗಳದ್ದು. ಹಳೆ ಪುಸ್ತಕದ್ದು ಬೇರೆಯೇ ಕಥೆ. 19ನೇ ಶತಮಾನದ ನಡುವಿನಿಂದ ಕಾಗದವನ್ನು ಹಳೆ ಬಟ್ಟೆಯ ಬದಲು ಮರದ ತಿರುಳಿನಿಂದ ಮಾಡುವುದು ಹೆಚ್ಚಾಯಿತು. ಮರದಲ್ಲಿ ಲಿಗ್ನಿನ್ ಎಂಬ ವಸ್ತು ಇದೆ. ಗಾಳಿ, ಬೆಳಕು ತಾಗಿ ಅದು ನಿಧಾನಕ್ಕೆ ಒಡೆಯುತ್ತದೆ. ಕಾಗದ ಹಳದಿಯಾಗುವುದು ಅದರಿಂದಲೇ. ಒಡೆಯುವಾಗ ಹೊರಡುವ ಆವಿಗಳಲ್ಲಿ ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್ ಕೂಡ ಇರುತ್ತದೆ. ಹಳೆ ಪುಸ್ತಕದಲ್ಲಿ ಒಂಥರಾ ಸಿಹಿ ವಾಸನೆ ಬರುತ್ತದಲ್ವಾ, ಅದು ಇದು. 2009ರಲ್ಲಿ ಲಂಡನ್ನಿನ ಸಂಶೋಧಕರು ಈ ಆವಿಗಳನ್ನು ಅಳೆದು ಕಾಗದ ಎಷ್ಟು ಹಾಳಾಗಿದೆ ಎಂದು ತಿಳಿಯುವ ದಾರಿಯನ್ನೇ ತೋರಿಸಿದರು. ಪುಸ್ತಕವನ್ನು ಹರಿಯದೆ, ಕತ್ತರಿಸದೆ, ಬರೀ ವಾಸನೆಯಿಂದ. ನೀವು ದಿನಾ ಮಾಡುವುದೂ ಅದೇ. ಸಿಹಿಯಾಗಿದ್ದರೆ ಪುಸ್ತಕಕ್ಕೆ ವಯಸ್ಸಾಗುತ್ತಿದೆ ಎಂದರ್ಥ. ಹಸಿ ಮಣ್ಣಿನ, ಒದ್ದೆ ಬಟ್ಟೆಯ ವಾಸನೆ ಬಂದರೆ ಬೂಷ್ಟು ಶುರುವಾಗಿದೆ. ಆಗ ಮೂಗು ಹತ್ತಿರ ಒಯ್ಯಬೇಡಿ, ಅದರ ಬೀಜಕಣ ಶ್ವಾಸಕ್ಕೆ ಒಳ್ಳೆಯದಲ್ಲ.

ಓದದೆ ಇಟ್ಟ ಪುಸ್ತಕಗಳ ಬಗ್ಗೆ ನಿಮಗೆ ತಪ್ಪಿತಸ್ಥ ಭಾವ ಇದೆ. ನಮ್ಮ ವೃತ್ತಿಯ ಹಿರಿಯರೊಬ್ಬರ ವಿಷಯ ಹೇಳುತ್ತೇನೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿಕೊಂಡ ಎಸ್.ಆರ್. ರಂಗನಾಥನ್ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತದ ಮೇಷ್ಟ್ರಾಗಿ ಬಂದಿದ್ದರು. ಹಂಪನಕಟ್ಟೆಯಲ್ಲಿ ಇವತ್ತಿನ ವಿಶ್ವವಿದ್ಯಾನಿಲಯ ಕಾಲೇಜು ಇದೆಯಲ್ಲ, ಅದೇ. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮೊದಮೊದಲು ಆ ಕೆಲಸ ಅವರಿಗೆ ರುಚಿಸಲೇ ಇಲ್ಲ, ವಾಪಸ್ ಪಾಠ ಮಾಡಲು ಹೋಗುತ್ತೇನೆ ಎಂದು ಹಟ ಹಿಡಿದಿದ್ದರು. ಆಮೇಲೆ ಬಿಟ್ಟು ಬರಲಾಗದಷ್ಟು ಹಚ್ಚಿಕೊಂಡರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳನ್ನು ಈಗಲೂ ಲೋಕದ ಬೇರೆ ಬೇರೆ ಕಡೆಯ ಗ್ರಂಥಪಾಲಕರು ಓದುತ್ತಾರೆ. ಮೊದಲನೆಯದು, ಪುಸ್ತಕ ಇರುವುದು ಬಳಸಲಿಕ್ಕೆ. ಎರಡನೆಯದು, ಪ್ರತಿ ಓದುಗನಿಗೆ ಅವನ ಪುಸ್ತಕ. ಮೂರನೆಯದು ನಿಮಗೆ ಬೇಕಾದದ್ದು: ಪ್ರತಿ ಪುಸ್ತಕಕ್ಕೆ ಅದರ ಓದುಗ.

ಪುಸ್ತಕಕ್ಕೂ ತನ್ನ ಓದುಗ ಬರುವವರೆಗೆ ಕಾಯುವುದಿದೆ. ಹಾಗೆ ಕಾಯುತ್ತಿರುವ ಪುಸ್ತಕಗಳಿಲ್ಲದ ಗ್ರಂಥಾಲಯವನ್ನು ನಾನು ನೋಡಿಲ್ಲ. 14 ವರ್ಷ ಯಾರೂ ಮುಟ್ಟದ ಒಂದು ಗೇರು ಕೃಷಿಯ ಪುಸ್ತಕವನ್ನು ಒಬ್ಬ ಹುಡುಗಿ ಹುಡುಕಿಕೊಂಡು ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ಚೀಟಿಯಲ್ಲಿ ಕೊನೆಯ ಮುದ್ರೆ ಅವಳು ಹುಟ್ಟಿದ ವರ್ಷದ ಆಸುಪಾಸಿನದು. ನೀವು 47ನೇ ವಯಸ್ಸಿನಲ್ಲಿ ಕೊಂಡ ಪುಸ್ತಕ 61ಕ್ಕೆ ಅರ್ಥವಾಗಬಹುದು. ಆದರೆ ಒಂದು ಮಾತು. ಕಾಯುವ ಪುಸ್ತಕವನ್ನೂ ವರ್ಷಕ್ಕೆರಡು ಸಲ ಕೈಗೆತ್ತಿಕೊಳ್ಳಿ. ಒರೆಸಿ, ಹಾಳೆ ಬಿಡಿಸಿ. ಓದಬೇಕು ಅನ್ನಿಸಿದರೆ ಓದಿ, ಇಲ್ಲದಿದ್ದರೆ ಹಾಗೇ ಇಡಿ. ಮೂರು ವರ್ಷ ಕೈಗೆತ್ತಿಕೊಳ್ಳಲೂ ಮನಸ್ಸು ಬರಲಿಲ್ಲ ಅಂತಾದರೆ ಅದರ ಓದುಗ ಬೇರೆ ಎಲ್ಲೋ ಇದ್ದಾನೆ.

ಎರಡೆರಡು ಪ್ರತಿ ಇರುವುದರಲ್ಲಿ ತಪ್ಪೇನಿಲ್ಲ. ನನ್ನಲ್ಲೂ ಇವೆ. ಮಂಗಳೂರಿಗೂ ಅಚ್ಚಿಗೂ ಹಳೆ ನಂಟು ಅಲ್ವಾ. ಬಾಸೆಲ್ ಮಿಷನ್ನಿನವರು 1841ರಲ್ಲಿ ಇಲ್ಲಿ ಮುದ್ರಣಾಲಯ ತೆರೆದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಟಿತು. 1886ರಲ್ಲಿ ಮ್ಯಾನರ್‌ನ ತುಳು ನಿಘಂಟು, 1894ರಲ್ಲಿ ಸುಮಾರು 70,000 ಪದಗಳ ಕಿಟೆಲ್ ನಿಘಂಟು. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಗ್ರಂಥಾಲಯದಲ್ಲಿ ಬಾಸೆಲ್ ಮಿಷನ್ ಕಾಲದ ಮುದ್ರಣಗಳು, ಕಾಗದಪತ್ರಗಳು ಇವೆ. ಒಮ್ಮೆ ಹೋಗಿ ನೋಡಿ. ಒಂದೇ ಕೃತಿಯ ಎರಡು ಮುದ್ರಣಗಳನ್ನು ಪಕ್ಕಪಕ್ಕ ಇಟ್ಟರೆ ಅಕ್ಷರದ ಅಚ್ಚು, ಕಾಗದ, ಕಾಗುಣಿತ ಎಲ್ಲ ಬೇರೆ. ಓದಲು ಒಂದು, ಇಟ್ಟುಕೊಳ್ಳಲು ಒಂದು ಎಂದು ಎರಡು ಪ್ರತಿ ಇದ್ದರೆ ಇರಲಿ. ಮೊದಲನೆಯದು ಮನೆಯಲ್ಲಿರುವುದು ಮರೆತುಹೋಗಿ ಎರಡನೆಯದನ್ನು ಕೊಂಡಿದ್ದರೆ, ಅದಕ್ಕೆ ಮದ್ದು ಇದೆ. ಮುಂದೆ ಹೇಳುತ್ತೇನೆ.

ಪುಸ್ತಕದ ಹುಚ್ಚು ಇರುವವರ ಇನ್ನೂ ಎಷ್ಟೋ ಅಭ್ಯಾಸ ನೀವು ಬರೆದಿಲ್ಲ, ಆದರೆ ನಿಮ್ಮಲ್ಲೂ ಇದ್ದೇ ಇರುತ್ತವೆ. ಕಾಲು ತಾಗಿದರೆ ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಬಸ್ಸಿನಲ್ಲಿ ಎದುರು ಕೂತವರು ಏನು ಓದುತ್ತಿದ್ದಾರೆ ಎಂದು ಕತ್ತು ಬಾಗಿಸಿ ನೋಡುವುದು. ಮದುವೆ ಮನೆಗೆ ಹೋದರೂ ಮೊದಲು ಕಣ್ಣು ಹೋಗುವುದು ಅವರ ಪುಸ್ತಕದ ಕಪಾಟಿಗೆ. ಸಣ್ಣವರಿದ್ದಾಗ ನಮ್ಮ ಮನೆಯಲ್ಲಿ ನವರಾತ್ರಿಗೆ ಶಾರದಾ ಪೂಜೆಗೆ ಪುಸ್ತಕ ಇಡುತ್ತಿದ್ದರು. ಮೂಲಾ ನಕ್ಷತ್ರದ ದಿನ ಇಟ್ಟರೆ ಶ್ರವಣದವರೆಗೆ ಓದುವ ಹಾಗಿಲ್ಲ. ಉಳಿದ ಮಕ್ಕಳಿಗೆ ಅದು ಹಬ್ಬ. ನನಗೆ ಆ ದಿನಗಳು ಮುಗಿಯುತ್ತಲೇ ಇರಲಿಲ್ಲ. ಕಿರಾಣಿ ಸಾಮಾನು ಕಟ್ಟಿ ತಂದ ಪೇಪರ್ ತುಂಡುಗಳನ್ನು ಅಡುಗೆ ಮನೆಯ ಮೂಲೆಯಲ್ಲಿ ಕೂತು ಓದಿದ್ದೇನೆ. ಅರ್ಧ ಸುದ್ದಿ, ಅರ್ಧ ಕಥೆ. ಉಳಿದರ್ಧವನ್ನು ನಾನೇ ಕಟ್ಟುತ್ತಿದ್ದೆ. ಪೂಜೆ ಮುಗಿದು ಪುಸ್ತಕ ಕೈಗೆ ಬಂದಾಗ ಅದರ ಮೇಲೆ ಗಂಧ, ಕುಂಕುಮದ ಹುಡಿ ಇರುತ್ತಿತ್ತು. ಇವತ್ತಿಗೂ ನನ್ನ ಹಳೆಯ ಒಂದು ಪಠ್ಯಪುಸ್ತಕದ ಹೊಲಿಗೆಯ ಸಂದಿಯಲ್ಲಿ ಆ ಕೆಂಪು ಇದೆ.

ಕೊಂಡ ಊರು, ದಿನಾಂಕ ಬರೆದಿಡುವ ಅಭ್ಯಾಸ ಇದೆಯಾ? ಇಲ್ಲದಿದ್ದರೆ ಇವತ್ತೇ ಶುರು ಮಾಡಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಬಲ್ಮಠದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಬಾಗಿಲು ಹಾಕಿತು. ಅಲ್ಲಿ ಕೊಂಡ ಪುಸ್ತಕಗಳ ಒಳಪುಟದಲ್ಲಿ ನಾನು ಬರೆದ ತಾರೀಕುಗಳು ಉಳಿದಿವೆ. ಅವನ್ನು ನೋಡಿದರೆ ಆ ದಿನ ಮಳೆ ಬರುತ್ತಿತ್ತಾ, ಯಾರು ಜತೆಗಿದ್ದರು, ಕೈಯಲ್ಲಿ ಎಷ್ಟು ದುಡ್ಡಿತ್ತು ಎಲ್ಲ ನೆನಪಾಗುತ್ತದೆ.

ಎರವಲು ಕೊಡುವಾಗ ಎದೆ ಧಸಕ್ಕೆನ್ನುವುದು ಇವತ್ತಿನ ರೋಗವಲ್ಲ. ತಾಳೆಗರಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಲಿಪಿಕಾರರು ಪ್ರತಿ ಮಾಡಿ ಮುಗಿಸಿದ ಮೇಲೆ ಕೊನೆಗೆ ಒಂದು ಶ್ಲೋಕ ಬರೆಯುವುದಿತ್ತು: "ತೈಲಾದ್ ರಕ್ಷೇತ್ ಜಲಾದ್ ರಕ್ಷೇತ್ ರಕ್ಷೇತ್ ಶಿಥಿಲಬಂಧನಾತ್, ಮೂರ್ಖಹಸ್ತೇ ನ ದಾತವ್ಯಂ ಏವಂ ವದತಿ ಪುಸ್ತಕಮ್." ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಎಂದು ಪುಸ್ತಕವೇ ಕೇಳಿಕೊಳ್ಳುತ್ತದೆ. ಎಷ್ಟು ಚೆಂದ ನೋಡಿ. ಯಾರಿಗೂ ಕೊಡಬೇಡ ಅಂತ ಅದು ಹೇಳುವುದಿಲ್ಲ. ನೋಡಿ ಕೊಡು ಅನ್ನುತ್ತದೆ.

ನಾನು ಮಾಡುವುದು ಇಷ್ಟು. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪುಸ್ತಕದ ಹೆಸರು, ಒಯ್ದವರ ಹೆಸರು, ತಾರೀಕು. ಅವರ ಕೈಯಲ್ಲೇ ಬರೆಸುತ್ತೇನೆ. ತನ್ನ ಕೈಯಲ್ಲಿ ಬರೆದವರು ಮರೆಯುವುದು ಕಡಿಮೆ. ಮತ್ತೆ ಸಿಗದ ಪುಸ್ತಕವನ್ನು ಕೊಡುವುದಿಲ್ಲ, ಮನೆಗೆ ಬಂದು ಓದಿ ಅನ್ನುತ್ತೇನೆ, ಕಾಫಿ ಕೊಡುತ್ತೇನೆ. ಅಂಗಡಿಯಲ್ಲಿ ಸಿಗುವ ಪುಸ್ತಕವಾದರೆ ಧಾರಾಳವಾಗಿ ಕೊಟ್ಟುಬಿಡುತ್ತೇನೆ. ಒಮ್ಮೆ ಒಂದು ಕಥಾಸಂಕಲನ 19 ವರ್ಷದ ಮೇಲೆ ವಾಪಸ್ ಬಂತು. ಒಯ್ದ ಹುಡುಗಿ ಈಗ ಮೇಷ್ಟ್ರು. ಅಂಚಿನಲ್ಲೆಲ್ಲ ಸಣ್ಣ ಅಕ್ಷರದಲ್ಲಿ ಪಾಠದ ಟಿಪ್ಪಣಿ. ಅಷ್ಟೂ ಟಿಪ್ಪಣಿಯನ್ನು ಕೂತು ಓದಿದೆ. ಕಥೆಗಳಷ್ಟೇ ಅವೂ ನನಗೆ ಇಷ್ಟವಾದವು.

ಇನ್ನು ಬೂಷ್ಟಿನ ವಿಷಯ. ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಬೆಂಗಳೂರಿನವರು, ಹುಬ್ಬಳ್ಳಿಯವರು ಹೇಳುವ ಉಪಾಯ ನಮಗೆ ಸಾಕಾಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಗಾಳಿಯಲ್ಲಿ ತೇವ ಶೇ 65 ದಾಟಿದರೆ ಕಾಗದದ ಮೇಲೆ ಬೂಷ್ಟು ಬೆಳೆಯಲು ಶುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಹೆಚ್ಚಿನ ದಿನ ಅದು ಶೇ 80ರ ಮೇಲೆಯೇ ಇರುತ್ತದೆ. ಹಾಗಾಗಿ ಬೂಷ್ಟನ್ನು ಪೂರ್ತಿ ತಡೆಯುತ್ತೇನೆ ಅಂದುಕೊಳ್ಳಬೇಡಿ. ಅದಕ್ಕೆ ಕೂತು ಬೆಳೆಯಲು ಪುರುಸೊತ್ತು ಕೊಡದಿದ್ದರೆ ಸಾಕು.

ಮೊದಲು ಗೋಡೆ ನೋಡಿ. ನಮ್ಮ ಮಳೆ ನೈಋತ್ಯದಿಂದ ಬೀಸುತ್ತದೆ. ಫ್ಲ್ಯಾಟಿನ ಪಶ್ಚಿಮ, ದಕ್ಷಿಣದ ಹೊರಗೋಡೆಗಳು ನಾಲ್ಕು ತಿಂಗಳು ನೆನೆಯುತ್ತವೆ. ಅವಕ್ಕೆ ತಾಗಿಸಿ ಪುಸ್ತಕದ ಕಪಾಟು ಇಡಲೇಬೇಡಿ. ಒಳಗಿನ ಗೋಡೆಗೆ ಇಡಿ, ಅದಕ್ಕೂ ಮೂರು–ನಾಲ್ಕು ಇಂಚು ಅಂತರ ಬಿಡಿ. ಕೆಳಗಿನ ತಟ್ಟು ನೆಲದಿಂದ ಅರ್ಧ ಅಡಿ ಎತ್ತರದಲ್ಲಿರಲಿ. ಬಾಗಿಲಿಲ್ಲದ ಕಪಾಟು ನಮ್ಮ ಊರಿಗೆ ಒಳ್ಳೆಯದು. ಧೂಳು ಬೀಳುತ್ತದೆ ನಿಜ. ಧೂಳನ್ನು ಒರೆಸಬಹುದು, ಬೂಷ್ಟಿನ ಕಲೆ ಹೋಗುವುದಿಲ್ಲ. ಬೀರುವೇ ಆಗಬೇಕು ಅಂದರೆ ಮಳೆ ಬಿಟ್ಟ ದಿನಗಳಲ್ಲಿ ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿ. ಮೊದಲೆಲ್ಲ ಬೀರುವಿನೊಳಗೆ ಸಣ್ಣ ಬಲ್ಬು ಉರಿಸುತ್ತಿದ್ದರು. ಬಿಸಿಗೆ ತೇವ ಕಡಿಮೆಯಾಗುವುದೇನೋ ಹೌದು, ಆದರೆ ಕಾಗದದ ಪಕ್ಕದಲ್ಲಿ ಬಿಸಿ ಬಲ್ಬು ನನಗೆ ಒಪ್ಪಿಗೆಯಿಲ್ಲ. ಮಗಳ ಮನೆಯಲ್ಲಿ ಏಸಿ ಇದ್ದರೆ, ಪುಸ್ತಕದ ಕೋಣೆಯಲ್ಲಿ ದಿನಕ್ಕೆ ಒಂದೆರಡು ಗಂಟೆ ಡ್ರೈ ಮೋಡ್‌ನಲ್ಲಿ ಓಡಿಸಿ. ತೇವ ಅಳೆಯುವ ಸಣ್ಣ ಗಡಿಯಾರದಂಥ ಉಪಕರಣ ಸಿಗುತ್ತದೆ, ದುಬಾರಿಯಲ್ಲ. ಒಂದು ತಂದು ಕಪಾಟಿನಲ್ಲಿಡಿ. ಕೈಯಂದಾಜಿಗಿಂತ ಅದು ಮೇಲು.

ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಒಂದು ಬೆರಳು ಸಲೀಸಾಗಿ ನುಗ್ಗಬೇಕು. ಹೊರಗೆಳೆಯುವಾಗ ಹೆಚ್ಚಿನವರು ಬೆನ್ನಿನ ಮೇಲ್ತುದಿಗೆ ಬೆರಳು ಸಿಕ್ಕಿಸಿ ಎಳೆಯುತ್ತಾರೆ. ಆ ತುದಿ ಹರಿಯುವುದೇ ಹಾಗೆ. ಬೇಕಾದ ಪುಸ್ತಕದ ಎಡಬಲದ ಎರಡು ಪುಸ್ತಕಗಳನ್ನು ಒಂದಿಂಚು ಒಳಗೆ ತಳ್ಳಿ. ಈಗ ನಡುವಿನದು ತಾನೇ ಮುಂದೆ ನಿಂತಿರುತ್ತದೆ. ಅದರ ಹೊಟ್ಟೆಯನ್ನು ಎರಡೂ ಬದಿಯಿಂದ ಹಿಡಿದು ತೆಗೆಯಿರಿ. ಹೊಸದಾಗಿ ಬಂದ ಮಕ್ಕಳಿಗೆಲ್ಲ ನಾನು ಮೊದಲ ದಿನ ಕಲಿಸುತ್ತಿದ್ದದ್ದು ಇದನ್ನೇ.

ಈಗಾಗಲೇ ಬೂಷ್ಟು ಹಿಡಿದವನ್ನು ಬೇರೆ ಮಾಡಿ. ಉಳಿದವುಗಳ ಜತೆ ಇಡಬೇಡಿ. ಮೊದಲು ಅವು ಒಣಗಬೇಕು. ಹಸಿ ಬೂಷ್ಟನ್ನು ಒರೆಸಿದರೆ ಕಾಗದದೊಳಗೆ ಇಳಿಯುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ, ಬೀಸಣಿಗೆಯ ಹಾಗೆ ಬಿಡಿಸಿ ನಿಲ್ಲಿಸಿ. ಬಿಸಿಲಿಗೆ ಹಾಕುವುದು ನಮ್ಮ ಹಳೆ ರೂಢಿ, ಹಪ್ಪಳ ಸಂಡಿಗೆಯ ಜತೆ ಪುಸ್ತಕವನ್ನೂ ಅಂಗಳದಲ್ಲಿ ಹರಡುತ್ತಿದ್ದರು. ಕಟು ಬಿಸಿಲಿಗೆ ಬಣ್ಣ ಹಾರುತ್ತದೆ, ರಟ್ಟು ಸೊಟ್ಟಗಾಗುತ್ತದೆ, ಕಾಗದ ಒಡಕಲಾಗುತ್ತದೆ. ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಹಾಕಿ, ಬಾಲ್ಕನಿಯಲ್ಲಿ ಕೂತು, ಮೆತ್ತಗಿನ ಬ್ರಷ್‌ನಿಂದ ಹೊರಮುಖವಾಗಿ ಗುಡಿಸಿ. ನೀರು ಮುಟ್ಟಿಸಬೇಡಿ.

ಪೂರ್ತಿ ನೆನೆದ ಪುಸ್ತಕವಾದರೆ ಎರಡು ದಿನದೊಳಗೆ ಬೂಷ್ಟು ಬರುತ್ತದೆ. ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು ಆಗಾಗ ಬದಲಿಸಿ. ಚಿತ್ರಗಳಿರುವ ನುಣುಪು ಹಾಳೆಯ ಪುಸ್ತಕ ನೆನೆದರೆ ಮೊದಲು ಅದನ್ನೇ ಎತ್ತಿಕೊಳ್ಳಿ. ಅಂಟಿಕೊಂಡು ಒಣಗಿದರೆ ಮತ್ತೆ ಬಿಡಿಸಲಾಗದು.

ಹುಳಗಳಿಗೆ ಫ್ರೀಜರ್ ಇದೆ. ಕೇಳಿದವರು ಆಶ್ಚರ್ಯಪಡುತ್ತಾರೆ, ಆದರೆ ದೊಡ್ಡ ಗ್ರಂಥಾಲಯಗಳೂ ಇದನ್ನೇ ಮಾಡುತ್ತವೆ. ಬೆಳ್ಳಿಹುಳ, ಪುಸ್ತಕದ ಹೇನು, ಕೊರೆಯುವ ಹುಳ ಇದ್ದರೆ ಒಣಗಿದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಬಿಗಿಯಾಗಿ ಮುಚ್ಚಿ, ಎರಡು ವಾರ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನಮ್ಮ ಗಾಳಿಯ ನೀರು ಕೂರುತ್ತದೆ. ಬೂಷ್ಟು ಇದರಿಂದ ಸಾಯುವುದಿಲ್ಲ, ಸುಮ್ನೆ ಮಲಗಿರುತ್ತದೆ ಅಷ್ಟೇ. ಒರಲೆ, ಅಂದರೆ ಗೆದ್ದಲು, ಕಂಡರೆ ಮಾತ್ರ ಪುಸ್ತಕದ ಚಿಂತೆ ಆಮೇಲೆ, ಮೊದಲು ಗೋಡೆಗೆ ಮದ್ದು ಹೊಡೆಸಿ. ನುಸಿಗುಳಿಗೆ ಬೂಷ್ಟಿಗೆ ಏನೂ ಮಾಡುವುದಿಲ್ಲ, ಮುಚ್ಚಿದ ಫ್ಲ್ಯಾಟಿನಲ್ಲಿ ಅದರ ಆವಿ ನಿಮಗೇ ಕೆಡುಕು. ಬೇವಿನ ಎಲೆ ಇಡುವುದಾದರೆ ಗರಿಗರಿ ಒಣಗಿರಬೇಕು.

ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವೇ ವರ್ಷಕ್ಕೆ ಅದರ ಅಂಟು ಕಂದು ಬಣ್ಣದ ಕಲೆಯಾಗಿ ಕೂರುತ್ತದೆ. ಉಡುಪಿ ರಥಬೀದಿಯ ಹತ್ತಿರ ಒಬ್ಬ ಬೈಂಡರ್ ಇದ್ದರು. ಮೈದಾ ಗಂಜಿ ಕಾಯಿಸುವಾಗ ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು, ಗಂಜಿಯ ಬಿಳಿಗೆ ತೆಳು ನೀಲಿ ಬರುತ್ತಿತ್ತು. ಜಿರಳೆ, ಬೆಳ್ಳಿಹುಳಕ್ಕೆ ಗಂಜಿ ಅಂದರೆ ಪ್ರಾಣ, ಮೈಲುತುತ್ತು ಇದ್ದರೆ ಬಾಯಿ ಹಾಕುವುದಿಲ್ಲ. ಅದು ವಿಷ. ಮನೆಯಲ್ಲಿ ನೀವು ಮಾಡಲು ಹೋಗಬೇಡಿ, ಬೈಂಡರ್ ಹತ್ತಿರ ಕೊಡಿ. ಪುಸ್ತಕಕ್ಕೆ ಪ್ಲಾಸ್ಟಿಕ್ ಬೈಂಡ್ ಬಿಗಿದರೆ ತೇವ ಒಳಗೇ ಉಳಿಯುತ್ತದೆ, ಬಿಚ್ಚಿಬಿಡಿ. ಶ್ಲೋಕದಲ್ಲಿ ಮೊದಲು ಬರುವುದು ಎಣ್ಣೆ. ಗೋಳಿಬಜೆ ತಿನ್ನುತ್ತಾ ಓದುವ ಸುಖ ನನಗೆ ಗೊತ್ತು. ಆದರೂ ಬೇಡ. ಎಣ್ಣೆಯ ಕಲೆ ತೆಗೆಯುವ ದಾರಿ ಮನೆಯಲ್ಲಿ ಯಾರ ಹತ್ತಿರವೂ ಇಲ್ಲ.

ಮೊಬೈಲ್ ಬಗ್ಗೆ ಮನೆಯವರ ಮಾತನ್ನು ತಳ್ಳಿಹಾಕಬೇಡಿ. ಅಚ್ಚಿನಲ್ಲಿ ಸಿಗದ ಎಷ್ಟೋ ಹಳೆ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. 2018ರಲ್ಲಿ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ, ಮಾಹಿತಿಯ ಬರಹವನ್ನು ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗುತ್ತದೆ ಎಂದು ಕಂಡಿತು. ಕಥೆಯ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕಾದಂಬರಿಯನ್ನು ಮೊಬೈಲಲ್ಲಿ ಓದಿದರೂ ನಷ್ಟವಿಲ್ಲ. ಆದರೆ ಮೊಬೈಲಿನಲ್ಲಿ ಅಪ್ಪನ ಬಸ್ ಟಿಕೆಟ್ ಇರುವುದಿಲ್ಲ ಅಲ್ವಾ.

1,400 ಪುಸ್ತಕ ಫ್ಲ್ಯಾಟಿಗೆ ಜಾಸ್ತಿಯೇ. ಮೂರಡಿ ಉದ್ದದ ಒಂದು ತಟ್ಟು ತುಂಬಿದರೆ 25–30 ಕಿಲೋ ಭಾರ ಬೀಳುತ್ತದೆ. ಕೆಲವನ್ನು ಕಳಿಸಬೇಕಾದೀತು. ಮೊದಲು ಪಟ್ಟಿ ಮಾಡಿ. ಗ್ರಂಥಾಲಯದಲ್ಲಿ ಇದಕ್ಕೆ ಅಕ್ಸೆಶನ್ ರಿಜಿಸ್ಟರ್ ಅನ್ನುತ್ತೇವೆ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಕ್ರಮಸಂಖ್ಯೆ, ಹೆಸರು, ಬರೆದವರು, ಮುದ್ರಣದ ವರ್ಷ, ಎಲ್ಲಿಂದ ಬಂತು. ದಿನಕ್ಕೆ 20 ಬರೆದರೆ 70 ದಿನದಲ್ಲಿ ಮುಗಿಯುತ್ತದೆ. ಆಟಿಯಲ್ಲಿ ಶುರು ಮಾಡಿದರೆ ನವರಾತ್ರಿಯ ಹೊತ್ತಿಗೆ ಆಯಿತು. ಪಟ್ಟಿ ನೋಡಿಕೊಂಡು ಅಂಗಡಿಗೆ ಹೋದರೆ ಮರೆತು ಎರಡನೇ ಪ್ರತಿ ಕೊಳ್ಳುವುದು ತಪ್ಪುತ್ತದೆ. ಅದಕ್ಕಿಂತ ದೊಡ್ಡ ಲಾಭ, ಈ ನೆಪದಲ್ಲಿ 1,400 ಪುಸ್ತಕವೂ ಒಮ್ಮೆ ನಿಮ್ಮ ಕೈಯಲ್ಲಿ ತೆರೆಯುತ್ತವೆ.

ಕಳಿಸುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ದಪ್ಪ ರಟ್ಟಿನ, ಹೆಸರುವಾಸಿ ಪುಸ್ತಕಗಳನ್ನು ಉಳಿಸಿಕೊಂಡು ತೆಳ್ಳಗಿನ ಪುಸ್ತಿಕೆಗಳನ್ನು ಗುಜರಿಗೆ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೆಸರುವಾಸಿ ಕಾದಂಬರಿ ನಾಳೆಯೂ ಸಿಗುತ್ತದೆ. ನಿಮ್ಮೂರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಶಾಲೆಯ ವಜ್ರಮಹೋತ್ಸವದ ಪುಸ್ತಕ, ಯಕ್ಷಗಾನ ಪ್ರಸಂಗದ ಹಳೆ ಪುಸ್ತಿಕೆ, ಮೇಳದ ಕರಪತ್ರ, ಯಾರದೋ ಸಂಸ್ಮರಣೆಗೆ ಮನೆಯವರೇ ಅಚ್ಚು ಹಾಕಿಸಿದ ಕವನ ಸಂಕಲನ. ಇವು ಸ್ವಲ್ಪವೇ ಅಚ್ಚಾಗಿ, ಆ ದಿನವೇ ಹಂಚಿಹೋದವು. ಅಂಗಡಿಗೆ ಬಂದಿಲ್ಲ, ಗ್ರಂಥಾಲಯ ಕೊಂಡಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿರುವುದು ಉಳಿದಿರುವ ಕೊನೆಯ ಪ್ರತಿಯೂ ಆಗಿರಬಹುದು. ಒಂದು ಊರಿನ ಚರಿತ್ರೆ ಬರೆಯುವವರಿಗೆ ಬೇಕಾಗುವುದು ಇಂಥವೇ.

ಕೊಡುವ ಮೊದಲು ಕೇಳಿ. ಪಟ್ಟಿ ಕಳಿಸಿ, ಯಾವುದು ಬೇಕು ಎಂದು ಅವರೇ ಗುರುತು ಹಾಕಲಿ. ಹೇಳದೆ ಮೂಟೆ ಇಳಿಸಿದರೆ ಯಾವ ಗ್ರಂಥಾಲಯಕ್ಕೂ ಅದು ಹೊರೆಯೇ. ಸಾಮಾನ್ಯ ಕಥೆ, ಕಾದಂಬರಿ, ಮಕ್ಕಳ ಪುಸ್ತಕ ಹಳ್ಳಿ ಶಾಲೆಗೆ, ಯುವಕ ಮಂಡಲಕ್ಕೆ ಹೋಗಲಿ. ಅಪರೂಪದವು ಸಂಶೋಧನೆ ನಡೆಯುವ ಜಾಗಕ್ಕೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡ ಮೇಲೆ ಅವರ ಪುಸ್ತಕಗಳು ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂದವು. ಅವರ ಹೆಸರಿನ ಸಂಶೋಧನ ಕೇಂದ್ರ ಅಲ್ಲಿದೆ. ತುಳು ನಿಘಂಟಿನ ಆರು ಸಂಪುಟ 1988ರಿಂದ 1997ರವರೆಗೆ ಹೊರಬಂದದ್ದು ಅದೇ ಕೇಂದ್ರದಿಂದ. ಒಬ್ಬರ ಮನೆಯ ಕಪಾಟು ಬಾಗಿಲು ಮುಚ್ಚದೆ ಇನ್ನೊಂದು ಕಡೆ ತೆರೆದುಕೊಂಡಿತು. ನಿಮ್ಮ ಕಾಲದ ನಂತರ ಯಾವ ಪುಸ್ತಕ ಎಲ್ಲಿಗೆ ಎಂದು ಆ ರಿಜಿಸ್ಟರಿನಲ್ಲೇ ಒಂದು ಕಾಲಂ ಮಾಡಿ ಬರೆಯಿರಿ. ಮಗಳಿಗೆ ಓದಿ ಹೇಳಿ.

ಕೊನೆಗೆ ಅಪ್ಪನ ಪುಸ್ತಕ. ಈ ಪ್ರಶ್ನೆಯನ್ನು ನೀವು ಕೊನೆಗೆ ಇಟ್ಟಿದ್ದೀರಿ. ಮೊದಲು ಬಂದದ್ದು ಇದೇ ಇರಬೇಕು ಅನ್ನಿಸಿತು.

22 ವರ್ಷ ಮುಚ್ಚಿದ ಪುಸ್ತಕ. ಮೊದಲು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ, ಎರಡೂ ರಟ್ಟನ್ನು ಮೆಲ್ಲಗೆ ಮೇಜಿಗೆ ಇಳಿಸಿ. ಆಮೇಲೆ ಮುಂದಿನಿಂದ ಸ್ವಲ್ಪ, ಹಿಂದಿನಿಂದ ಸ್ವಲ್ಪ ಹಾಳೆಗಳನ್ನು ಬಿಡಿಸುತ್ತಾ ನಡುವಿಗೆ ಬನ್ನಿ. ಒಮ್ಮೆಲೇ ನಡುವಿಗೆ ತೆರೆದರೆ ಒಣಗಿದ ಅಂಟು ಬಿರಿಯುತ್ತದೆ. ಟಿಕೆಟ್ ಇರುವ ಪುಟದಲ್ಲಿ ಅದರ ಆಕಾರದ ಕಂದು ನೆರಳು ಮೂಡಿರಬಹುದು. ಟಿಕೆಟಿನ ಅಗ್ಗದ ಕಾಗದದಲ್ಲಿರುವ ಆಮ್ಲ ಹಾಳೆಗೆ ಇಳಿದ ಗುರುತು ಅದು. ಹೆದರಬೇಡಿ. ಆದರೆ ಇನ್ನು ಅಲ್ಲೇ ಬಿಟ್ಟರೆ ಆ ಪುಟ ಸುಟ್ಟ ಹಾಗಾಗುತ್ತದೆ. ಟಿಕೆಟಿನ ಒಂದು ಫೋಟೊ ತೆಗೆದುಕೊಳ್ಳಿ. ಶಾಯಿ ಮಾಸುತ್ತಾ ಬಂದಿರುತ್ತದೆ. ಟಿಕೆಟನ್ನು ಲ್ಯಾಮಿನೇಟ್ ಮಾಡಬೇಡಿ. ಬಿಳಿ ಕಾಗದದ ಸಣ್ಣ ಲಕೋಟೆಯಲ್ಲಿ ಹಾಕಿ, ಲಕೋಟೆಯ ಮೇಲೆ ಪುಸ್ತಕದ ಹೆಸರು, ಪುಟದ ಸಂಖ್ಯೆ ಪೆನ್ಸಿಲ್‌ನಲ್ಲಿ ಬರೆಯಿರಿ. ಟಿಕೆಟ್ ಇದ್ದ ಜಾಗದಲ್ಲಿ ಒಂದು ಒಳ್ಳೆಯ ಬಿಳಿ ಕಾಗದದ ಪಟ್ಟಿ ಇಡಿ.

ಅಪ್ಪ ನಿಲ್ಲಿಸಿದ್ದು ಆ ಪುಟದಲ್ಲಿ. ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಕಿಟಕಿಯ ಹತ್ತಿರ ಕೂತು ಅಲ್ಲಿಂದ ಮುಂದಕ್ಕೆ ಓದಿ.